ವಿಡಿಯೋ ಶುರುವಾಗುವ ಮುನ್ನ

"ತೋರಿಸಿ," ಎಂದಳು ಮಗುವಿನ ತಾಯಿ. "ಹೇಗೆ ಪರೀಕ್ಷೆ ಮಾಡಿದ್ರಿ ಅಂತ ನನಗೂ ಒಂಚೂರು ತೋರಿಸಿ."

ಆಸ್ಪತ್ರೆಯ ಪಡಸಾಲೆಯಲ್ಲಿ, ಗೋಡೆಗೆ ಬಿಗಿದ ಉಕ್ಕಿನ ಕುರ್ಚಿಗಳ ಮೇಲೆ ಇಬ್ಬರೂ ಕೂತಿದ್ದರು. ನಡುವೆ ಒಂದು ಕುರ್ಚಿ ಖಾಲಿ. ಗಾಜಿನ ಬಾಗಿಲಿನಾಚೆ ಈಜು ಮೇಷ್ಟ್ರು ಮಲಗಿದ್ದರು. ಎರಡೂ ಕೈಗೆ ಪ್ಲಾಸ್ಟರು, ಬಾಯೊಳಗೆ ಕೊಳವೆ. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು.

ಕ್ಷಮೆ ಕೇಳಲೆಂದು ಬಸ್ಸಿನಲ್ಲಿ ಕೂತು ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಈಗ ಜರಡಿಯ ಬಾಯಿಗೆ ಬರಲಿಲ್ಲ. ಸುಮ್ಮನೆ ಫೋನು ತೆಗೆದಳು.

ಜರಡಿ ಎಂದು ಅವಳನ್ನು ಕರೆಯುತ್ತಿದ್ದದ್ದು ಪತ್ರಿಕೆಯ ಆಫೀಸಿನವರು. ಜಾಲತಾಣದಲ್ಲಿ ಹರಿದಾಡುವ ಫೋಟೋ, ವಿಡಿಯೋಗಳನ್ನು ಸೋಸಿ, ನಿಜ ಯಾವುದು, ಕಟ್ಟುಕತೆ ಯಾವುದು ಎಂದು ಹೇಳುವುದು ಅವಳ ಕೆಲಸ. ಅವಳು ಹೂಂ ಅಂದರೆ ಮಾತ್ರ ವಿಡಿಯೋದ ಮೂಲೆಯಲ್ಲಿ 'ಪರಿಶೀಲಿಸಲಾಗಿದೆ' ಎಂಬ ಹಸಿರು ಮುದ್ರೆ ಬೀಳುತ್ತಿತ್ತು. ಶನಿವಾರ, ಅಳುವ ಮಗುವನ್ನು ಹೊತ್ತು ಶಾಲೆಯ ಬೀದಿಯಲ್ಲಿ ಓಡುತ್ತಿದ್ದ ಗಂಡಸಿನ ವಿಡಿಯೋ 'ಮಕ್ಕಳ ಕಳ್ಳ' ಎಂಬ ತಲೆಬರಹದಡಿ ಆ ಮುದ್ರೆಯೊಂದಿಗೇ ಹೋಗಿತ್ತು. ಸಂಜೆಯೊಳಗೆ ಜನ ಈಜುಕೊಳಕ್ಕೆ ನುಗ್ಗಿ ಮೇಷ್ಟ್ರನ್ನು ಬಡಿದು ಕೆಡವಿದ್ದರು. ಅವರು ಆ ಮಗುವಿನ ಸೋದರಮಾವ ಎಂದು ಗೊತ್ತಾದದ್ದು ಆಮೇಲೆ.

"ಇದು ಸ್ಟೇಷನರಿ ಅಂಗಡಿ ಬೋರ್ಡು," ಎಂದಳು ಜರಡಿ, ಬೆರಳಿಟ್ಟು. "ಇದನ್ನ ಹಿಡ್ಕೊಂಡು ಜಾಗ ಯಾವುದು ಅಂತ ಹುಡುಕಿದೆ."

"ಜಾಗ ಸರಿ ಇತ್ತಾ?"

"ಇತ್ತು."

"ಆಮೇಲೆ?"

"ಕಂಬದ ನೆರಳು. ಎಷ್ಟು ಉದ್ದ ಇದೆ, ಯಾವ ಕಡೆ ಬಿದ್ದಿದೆ ಅಂತ ನೋಡಿದ್ರೆ ಹೊತ್ತು ಗೊತ್ತಾಗುತ್ತೆ. ಶನಿವಾರ ಶಾಲೆ ಬಿಡೋ ಹೊತ್ತಿಗೆ ತಾಳೆ ಆಯ್ತು."

"ಹೊತ್ತೂ ಸರಿ."

"ಹಳೇ ವಿಡಿಯೋನೇ ಹೊಸದು ಅಂತ ಹಾಕ್ತಾರೆ ಎಷ್ಟೋ ಸಲ. ಅದೂ ನೋಡಿದೆ. ಇದು ಮುಂಚೆ ಎಲ್ಲೂ ಬಂದಿರಲಿಲ್ಲ."

ತಾಯಿ ತಲೆಯಾಡಿಸಿದಳು. ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು ಅನ್ನಿಸಿತು ಜರಡಿಗೆ.

"ನೆರಳು ಅಳೆದ್ರಿ. ಬೋರ್ಡು ಓದಿದ್ರಿ. ಶಾಲೆಗೊಂದು ಫೋನ್ ಮಾಡಿ ಈ ಮಗು ಯಾರದು ಅಂತ ಕೇಳಿದ್ರೆ ಆಯಾನೇ ಹೇಳ್ತಿದ್ಲಲ್ಲ. ದಿನಾ ಕರ್ಕೊಂಡು ಹೋಗೋನು ನನ್ನ ತಮ್ಮನೇ."

ಬೇರೆಯವರು ಹಾಕುವ ಮುಂಚೆ ನಾವು ಹಾಕಬೇಕು ಎಂದು ಜರಡಿಯ ಹೆಗಲ ಮೇಲೆ ಬಗ್ಗಿ ನಿಂತು ಆತುರಪಡಿಸಿದವನೊಬ್ಬ ಆಫೀಸಿನಲ್ಲಿದ್ದ. ಆದರೆ ಅದನ್ನು ಈ ಹೆಂಗಸಿನ ಮುಂದೆ ಯಾವ ಮುಖ ಇಟ್ಟುಕೊಂಡು ಹೇಳುವುದು?

"ಹೊಡೆದವರು ಯಾರು ಗೊತ್ತಾ?" ತಾಯಿ ಕೇಳಿದಳು. "ಅವನ ಹತ್ರ ಈಜು ಕಲಿಯೋ ಮಕ್ಕಳ ಅಪ್ಪ ಅಮ್ಮಂದಿರು. ಪೊಲೀಸರು ಕೇಳಿದ್ದಕ್ಕೆ ಒಬ್ಬಳು ಅಂದ್ಲಂತೆ, ನಾವು ಸುಮ್ಸುಮ್ನೆ ನಂಬಿಲ್ಲ ಸಾರ್, ಹಸಿರು ಮುದ್ರೆ ಇತ್ತು ಅಂತ."

ಜರಡಿ ತಲೆ ತಗ್ಗಿಸಿದಳು. ನೆಲದ ಹಾಸುಗಲ್ಲಿನ ಚುಕ್ಕೆಗಳನ್ನು ನೋಡುತ್ತಾ ಕೂತಳು. ನೆಲ ಬಾಯಿಬಿಡಬಾರದೇ ಎಂದು ಜನ ಯಾಕೆ ಅನ್ನುತ್ತಾರೆಂದು ಅವತ್ತು ಅರ್ಥವಾಯಿತು.

"ಅವತ್ತು ಮಧ್ಯಾಹ್ನ ನನಗೆ ಫೋನ್ ಮಾಡಿದ್ದ," ಎಂದಳು ತಾಯಿ, ಗಾಜಿನ ಕಡೆ ನೋಡುತ್ತಾ. "ಅಕ್ಕ, ಒಂದು ವಿಷಯ ಇದೆ, ಫೋನಲ್ಲಿ ಬೇಡ, ಮನೆಗೆ ಬಂದು ಹೇಳ್ತೀನಿ ಅಂದ. ಮಗುನ ಪಕ್ಕದ ಮನೇಲಿ ಬಿಟ್ಟು ಈಜುಕೊಳಕ್ಕೆ ಹೋದವನು ಮನೆಗೆ ಬರಲೇ ಇಲ್ಲ. ಮಗುನೂ ಅವತ್ತಿಂದ ತುಟಿ ಪಿಟಕ್ ಅಂದಿಲ್ಲ. ಕಾಲಲ್ಲಿ ಒಂದೇ ಶೂ ಇತ್ತು. ಇನ್ನೊಂದನ್ನ ಬೀದಿಯೆಲ್ಲ ಹುಡುಕಿಸಿದೆ, ಸಿಗಲಿಲ್ಲ."

ಜರಡಿ ಚಟ್ಟನೆ ತಲೆಯೆತ್ತಿದಳು. ವಿಡಿಯೋವನ್ನು ಮೊದಲಿಗೆ ಎಳೆದು ನಿಲ್ಲಿಸಿದಳು. ಮೊದಲ ಚಿತ್ರದಲ್ಲೇ ಮಗುವಿನ ಒಂದು ಕಾಲು ಬರಿಗಾಲು. ಕೊಸರಾಟದಲ್ಲಿ ಬಿದ್ದಿರಬೇಕು ಎಂದು ಅವತ್ತು ಅಂದುಕೊಂಡಿದ್ದಳು. ಆದರೆ ಯಾರ ಜೊತೆಗಿನ ಕೊಸರಾಟ? ವಿಡಿಯೋ ಶುರುವಾಗುವ ಮುನ್ನವೇ ಏನೋ ನಡೆದುಹೋಗಿತ್ತು.

"ನಿಮಗೆ ಆಗದವರು ಯಾರಾದ್ರೂ ಇದ್ದಾರಾ ಇಲ್ಲಿ?"

"ಇಲ್ಲಿ ನಮಗೆ ಆಗೋರೂ ಇಲ್ಲ, ಆಗದೋರೂ ಇಲ್ಲ. ಯಾರಿಗೂ ಹೇಳದೆ ಊರು ಬಿಟ್ಟು ಬಂದವರು ನಾವು."

"ಯಾಕೆ ಬಂದ್ರಿ?"

ತಾಯಿ ಅವಳನ್ನೇ ದಿಟ್ಟಿಸಿದಳು. "ಅದೂ ನಿಮ್ಮ ಪೇಪರಿಗೆ ಬೇಕಾ?"

ಜರಡಿ ಎದ್ದು ನಿಂತಳು. ಕೈ ಮುಗಿಯಲು ಹೋಗಿ, ಅದೂ ನಾಟಕದಂತೆ ಕಂಡೀತೆಂದು ಅರ್ಧಕ್ಕೇ ಕೈ ಇಳಿಸಿದಳು.

* * *

ಮೆಟ್ಟಿಲಿಳಿಯುವಾಗ ಧಾವಂತನ ಫೋನು ಬಂತು. ಅಪರಾಧ ಸುದ್ದಿ ನೋಡಿಕೊಳ್ಳುವ ವರದಿಗಾರ; ನಡೆಯುವ ಕಡೆಯೆಲ್ಲ ಓಡುತ್ತಿದ್ದುದರಿಂದ, ಕೆಲಸಕ್ಕೆ ಸೇರಿದ ಕೆಲವೇ ವಾರಗಳಲ್ಲಿ ಆಫೀಸು ಅವನಿಗೆ ಆ ಹೆಸರು ಇಟ್ಟಿತ್ತು. ಓದುಗರು ಸುದ್ದಿ ಕಳಿಸುವ ಫೋನು ಅವನ ಕೈಯಲ್ಲೇ ಇರುತ್ತಿತ್ತು. ಶನಿವಾರ ಆ ವಿಡಿಯೋ ತಂದು ಅವಳ ಹೆಗಲ ಮೇಲೆ ಬಗ್ಗಿದವನು ಅವನೇ.

"ಹೋಗಿದ್ಯಾ ಆಸ್ಪತ್ರೆಗೆ? ಮೇಷ್ಟ್ರಿಗೆ ಮಾತು ಬಂತಾ?"

"ಇಲ್ಲ."

"ಪಾಪ. ಮಗು ಹೇಗಿದೆ? ಅಮ್ಮನ ಜೊತೇನೇ ಇದೆಯಾ?"

"ಶಾಲೆಗೆ ಹೋಗಿದೆಯಂತೆ. ಪಕ್ಕದ ಮನೆಯವರು ಬಿಟ್ಟು, ಕರ್ಕೊಂಡು ಬರ್ತಾರಂತೆ."

"ಸರಿ ಬಿಡು. ನೀನು ಕೊರಗಬೇಡ ಜರಡಿ. ಆಫೀಸಲ್ಲಿ ಯಾರು ಏನಂದ್ರೂ ತಲೆಗೆ ಹಚ್ಕೋಬೇಡ."

ಆಫೀಸಿನಲ್ಲಿ ಅನ್ನುವವರಿಗೆ ಬರವಿರಲಿಲ್ಲ. ಜರಡಿ ಅಂದಮೇಲೆ ತೂತು ಇರೋದೇ ತಾನೆ ಎಂದು ಪುಟ ಕಟ್ಟುವವನು ಬೆಳಿಗ್ಗೆ ಹಾಸ್ಯ ಮಾಡಿದ್ದ. ಯಾರೂ ನಕ್ಕಿರಲಿಲ್ಲ, ಅದು ನಕ್ಕಿದ್ದಕ್ಕಿಂತ ಕೆಟ್ಟದಾಗಿತ್ತು.

"ಅದನ್ನ ಕಳಿಸಿದವರು ಯಾರು ಅಂತ ಗೊತ್ತಾಯ್ತಾ?" ಜರಡಿ ಕೇಳಿದಳು.

"ಹೇಳಿದ್ನಲ್ಲ. ಕಳಿಸಿದವರೇ ಅಳಿಸಿಬಿಟ್ಟಿದ್ದಾರೆ. ನಂಬರೂ ಇಲ್ಲ. ಬೇಗ ಬಾ ಆಫೀಸಿಗೆ."

ಬರುತ್ತೇನೆ ಎಂದಳು. ಶಾಲೆಯ ಬೀದಿಗೆ ಹೊರಟಿದ್ದೇನೆ ಎಂದು ಮಾತ್ರ ಹೇಳಲಿಲ್ಲ. ಅವತ್ತೇ ಹೋಗಬೇಕಾಗಿದ್ದ ಜಾಗಕ್ಕೆ ಒಬ್ಬ ಮನುಷ್ಯ ಸಾಯುವ ಹಾಗಾದ ಮೇಲೆ ಹೋಗುತ್ತಿದ್ದೇನೆ ಎಂದು ಹೇಳಿಕೊಳ್ಳಲು ನಾಚಿಕೆಯಾಯಿತು.

* * *

ಬೀದಿ ಅವಳು ಕಂಪ್ಯೂಟರಿನಲ್ಲಿ ಕಂಡದ್ದಕ್ಕಿಂತ ಕಿರಿದಾಗಿತ್ತು. ಒಂದು ಪಕ್ಕ ಶಾಲೆಯ ಗೋಡೆ, ಕಬ್ಬಿಣದ ಗೇಟು. ಇನ್ನೊಂದು ಪಕ್ಕ ಸ್ಟೇಷನರಿ, ಝೆರಾಕ್ಸು, ಇಸ್ತ್ರಿ ಅಂಗಡಿ. ಶಾಲೆ ಬಿಡಲು ಇನ್ನೂ ಹೊತ್ತಿತ್ತು. ಬೇಗ ಬಂದ ಕೆಲವು ತಾಯಂದಿರು ನೆರಳು ಹಿಡಿದು ನಿಂತಿದ್ದರು.

ಜರಡಿ ಫೋನನ್ನು ಕಣ್ಣೆದುರು ಹಿಡಿದು ವಿಡಿಯೋದ ಚಿತ್ರವನ್ನೂ ಬೀದಿಯನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದಳು. ಚಿತ್ರದಲ್ಲಿ ಕಂಬವು ಅಂಗಡಿ ಬೋರ್ಡಿನ ಮೊದಲ ಅಕ್ಷರವನ್ನು ಮುಚ್ಚಿತ್ತು. ಅದೇ ಅಕ್ಷರ ಮುಚ್ಚುವವರೆಗೂ ಹಿಂದೆ ಹಿಂದೆ ಸರಿದಳು. ಮುಂದಕ್ಕೆ ಬಂದಳು, ಮತ್ತೆ ಸರಿದಳು. ತಾಯಂದಿರಲ್ಲಿ ಒಬ್ಬಳು, ಬಿಳಿ ಟೋಪಿಯವಳು, ಅವಳನ್ನೇ ಹುಬ್ಬುಗಂಟಿಕ್ಕಿ ನೋಡುತ್ತಿದ್ದಳು.

ಕಡೆಗೆ ಕಂಬವೂ ಅಕ್ಷರವೂ ಒಂದಾದವು. ಆದರೆ ಚಿತ್ರದಲ್ಲಿ ಅಂಗಡಿಯ ತಗಡಿನ ಮಾಡಿನ ಮೇಲ್ಭಾಗ ಕಾಣುತ್ತಿತ್ತು, ಇಲ್ಲಿ ಕಾಣುತ್ತಿರಲಿಲ್ಲ. ತೆಗೆದವರು ಎತ್ತರದಲ್ಲಿದ್ದರು. ಜರಡಿ ಬೆನ್ನು ತಿರುಗಿಸಿ ಮೇಲೆ ನೋಡಿದಳು.

ಮೊದಲ ಮಹಡಿಯಲ್ಲಿ ಒಂದು ಕಿಟಕಿ. ಅದರ ಕೆಳಗೆ ನಗುತ್ತಿರುವ ದೊಡ್ಡ ಹಲ್ಲಿನ ಚಿತ್ರ. ಹಲ್ಲಿನ ಡಾಕ್ಟರ ಕ್ಲಿನಿಕ್ಕು.

ಇಷ್ಟು ಸುಲಭದ ಕೆಲಸವಾಗಿತ್ತು ಅದು. ಕುರ್ಚಿ ಬಿಟ್ಟು ಎದ್ದಿದ್ದರೆ ಸಾಕಾಗಿತ್ತು.

ಒಳಗೆ ರಿಸೆಪ್ಷನ್ ಹುಡುಗಿ ಒಬ್ಬಳೇ ಡಬ್ಬಿಯ ಊಟ ಮುಗಿಸಿ ಬಾಯಿ ಒರೆಸಿಕೊಳ್ಳುತ್ತಿದ್ದಳು. "ಡಾಕ್ಟರು ಸಂಜೆಗೇ ಬರೋದು ಮೇಡಂ," ಎಂದಳು.

"ನನಗೆ ಡಾಕ್ಟರು ಬೇಡ." ಜರಡಿ ಫೋನಿನ ಚಿತ್ರ ಮೇಜಿನ ಮೇಲಿಟ್ಟಳು. "ಇದನ್ನ ಈ ಕಿಟಕಿಯಿಂದ ತೆಗೆದಿದ್ದು. ನೀವಾ?"

ಹುಡುಗಿಯ ಮುಖದ ಬಣ್ಣ ಇಳಿಯಿತು. "ನಾನು ಅಳಿಸಿಬಿಟ್ಟಿದ್ದೀನಿ. ದಯವಿಟ್ಟು ಕೇಸಿಗೆ ಎಳೀಬೇಡಿ."

"ಕೇಸು ಅಂದವರು ಯಾರು?"

"ಪೇಪರಿನವರೇ. ನಾನು ವಿಡಿಯೋ ಕಳಿಸಿದ್ದ ನಂಬರಿಂದಲೇ ಫೋನ್ ಮಾಡಿದ್ರು. ಮಕ್ಕಳ ವಿಡಿಯೋ ತೆಗೆಯೋದು ಅಪರಾಧ, ನಿಮ್ಮ ಮೇಲೇ ಕೇಸಾಗುತ್ತೆ, ಅಳಿಸಿ ಅಂದ್ರು." ಹುಡುಗಿಯ ಕಣ್ಣು ತುಂಬಿತು. "ಆದ್ರೆ ನಾನು ಅವರನ್ನ ಕಳ್ಳ ಅಂತ ಕಳಿಸಿರಲಿಲ್ಲ ಮೇಡಂ. ಅವರ ಧೈರ್ಯ ನಾಲ್ಕು ಜನಕ್ಕೆ ಗೊತ್ತಾಗಲಿ ಅಂತ ಕಳಿಸಿದೆ. ಮಗುನ ಉಳಿಸಿದ್ರಲ್ಲ ಅವರು!"

"ಉಳಿಸಿದ್ರಾ?"

"ನಿಮ್ಮವರು ಉಲ್ಟಾ ಹಾಕಿದ್ರು. ಮೇಷ್ಟ್ರಿಗೆ ಹಾಗಾಯ್ತು ಅಂತ ಗೊತ್ತಾದಾಗ ಬಾಯಿ ಬಿಡಬೇಕಿತ್ತು. ಹೆದರಿಕೊಂಡು ಸುಮ್ಮನಿದ್ದೆ. ರಾತ್ರಿ ನಿದ್ದೆ ಬರ್ತಿಲ್ಲ ಮೇಡಂ."

"ನನಗೂ ಬರ್ತಿಲ್ಲ," ಎಂದಳು ಜರಡಿ. "ಫೋನ್ ಕೊಡಿ ಇಲ್ಲಿ. ಅಳಿಸಿದ್ದನ್ನ ಫೋನು ತಕ್ಷಣ ಬಿಸಾಡಲ್ಲ. ಕೆಲವು ದಿನ ಕಸದ ಬುಟ್ಟೀಲಿ ಇಟ್ಕೊಂಡಿರುತ್ತೆ."

ಬುಟ್ಟಿಯಲ್ಲಿ ಅದಿತ್ತು. ಉದ್ದನೆಯ, ಕತ್ತರಿ ಕಾಣದ ವಿಡಿಯೋ. ಧಾವಂತ ಕೊಟ್ಟದ್ದು ಚೌಕವಾಗಿತ್ತು, ಮೂಕವಾಗಿತ್ತು. 'ಸೌಂಡೇ ಇಲ್ಲದೆ ಬಂದಿದೆ, ಇಷ್ಟೇ ಇರೋದು,' ಎಂದಿದ್ದ ಅವನು. ಅವಳು ಮತ್ತೊಂದು ಮಾತು ಕೇಳಿರಲಿಲ್ಲ.

ಈಗ ಬೀದಿ ಪೂರ್ತಿ ಕಂಡಿತು. ಪಕ್ಕದಲ್ಲಿ ಬೂದು ಬಣ್ಣದ ಕಾರು, ಹಿಂದಿನ ಬಾಗಿಲು ತೆರೆದಿದೆ. ಒಬ್ಬ ಗಂಡಸು ಮಗುವನ್ನು ಒಳಕ್ಕೆ ನೂಕುತ್ತಿದ್ದಾನೆ. ಮಗು ಬಾಗಿಲ ಅಂಚನ್ನು ಬಿಗಿಯಾಗಿ ಹಿಡಿದಿದೆ. ಮೇಷ್ಟ್ರು ಓಡಿಬರುತ್ತಾರೆ. ಮಗುವನ್ನು ಸೊಂಟಕ್ಕೆ ಹಿಡಿದು ಎಳೆಯುತ್ತಾರೆ. ಕಾರಿನೊಳಗೆ ಒಂದು ಶೂ ಉಳಿಯುತ್ತದೆ. ಮಗುವನ್ನು ಎದೆಗವಚಿಕೊಂಡು ಅವರು ಓಡುತ್ತಾರೆ. ಅವಳಿಗೆ ಕೊಟ್ಟಿದ್ದ ತುಂಡು ಶುರುವಾಗುವುದು ಅಲ್ಲಿಂದ.

ಮತ್ತು ಮಗು ಕಿರುಚುತ್ತಿತ್ತು. "ಬಿಡ್ಬೇಡ ಮಾಮ! ನನ್ನ ಬಿಡ್ಬೇಡ!"

ಜರಡಿ ಬಾಯಿಗೆ ಕೈ ಅಡ್ಡ ಹಿಡಿದಳು. ಆ ಅಳುವ ಬಾಯನ್ನು ಅವಳು ಶನಿವಾರ ಎಷ್ಟು ಸಲ ದೊಡ್ಡದು ಮಾಡಿ ನೋಡಿದ್ದಳು! ಬಿಡು ಎನ್ನುತ್ತಿದೆ ಎಂದು ತಾನೇ ಅಂದುಕೊಂಡಿದ್ದಳು.

"ಆ ಕಾರಿನವನ ಮುಖ ಕಾಣಲ್ಲ ಮೇಡಂ," ಎಂದಳು ಹುಡುಗಿ.

"ತಾಳಿ, ಇನ್ನೂ ಉಳಿದಿದೆ."

ಕಡೆಯಲ್ಲಿ ಆ ಗಂಡಸು ಎರಡು ಹೆಜ್ಜೆ ಅಟ್ಟಿಸಿಕೊಂಡು ಹೋಗಿ, ಜನರನ್ನು ಕಂಡು ನಿಂತು, ಕಾರಿನತ್ತ ಹಿಂದಿರುಗಿದ. ಹೆಗಲಿಗೆ ಅಡ್ಡ ಹಾಕಿದ ಚೀಲ. ಮುಂದಕ್ಕೆ ಬಾಗಿದ ಓಟದ ನಡಿಗೆ. ಮುಖ ಬೆಳಕಿಗೆ ಬರುವ ಮೊದಲೇ ಅವಳಿಗೆ ಅದು ಯಾರೆಂದು ಗೊತ್ತಾಗಿತ್ತು.

ಧಾವಂತ.

ತನ್ನನ್ನೇ ಹಿಡಿದ ವಿಡಿಯೋ ತನ್ನ ಕೈಯಲ್ಲಿದ್ದ ಫೋನಿಗೇ ಬಂದು ಬಿದ್ದಿತ್ತು. ಅವನು ತನ್ನನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಅವಳ ಮುದ್ರೆಗೆ ತಂದಿದ್ದ. ಯಾರಿಗೂ ಹೇಳದೆ ಊರು ಬಿಟ್ಟು ಬಂದವರನ್ನು ಹುಡುಕಿಕೊಂಡು ಬಂದವನು ಇವನೇ ಇರಬೇಕು. ಮಗು ಹೇಗಿದೆ, ಅಮ್ಮನ ಜೊತೇನೇ ಇದೆಯಾ ಎಂದು ಕೇಳಿದವನೂ ಇವನೇ. ಶಾಲೆಯಲ್ಲಿದೆ ಎಂದು ಹೇಳಿಕೊಟ್ಟವಳು ತಾನು.

ಹೊರಗೆ ಶಾಲೆಯ ಗಂಟೆ ಹೊಡೆಯಿತು.

"ಇದನ್ನ ನನ್ನ ನಂಬರಿಗೆ ಕಳಿಸಿ," ಎಂದು ನಂಬರು ಹೇಳಿದವಳೇ ಜರಡಿ ಮೆಟ್ಟಿಲಿಗೆ ಓಡಿದಳು.

"ನೆಟ್ಟು ತುಂಬಾ ನಿಧಾನ ಮೇಡಂ!" ಎಂದು ಹುಡುಗಿ ಹಿಂದಿನಿಂದ ಕೂಗಿದಳು.

* * *

ಬೀದಿ ತುಂಬ ಮಕ್ಕಳು, ಚೀಲಗಳು, ಸ್ಕೂಟರುಗಳು. ಆಯಾ ಗೇಟಿನಲ್ಲಿ ನಿಂತು ಹೆಸರು ಕೂಗುತ್ತಿದ್ದಳು. ಅವಳ ಕಣ್ಣು ತಪ್ಪಿಸಿ, ತುಸು ದೂರದಲ್ಲಿ, ಗೋಡೆಯ ಪಕ್ಕ, ಧಾವಂತ ಒಬ್ಬ ಪುಟ್ಟ ಹುಡುಗನ ಮಣಿಕಟ್ಟು ಹಿಡಿದು ನಡೆಯುತ್ತಿದ್ದ. ಹುಡುಗ ಅಳುತ್ತಿರಲಿಲ್ಲ. ಕಾಲೆಳೆಯುತ್ತಿದ್ದ, ಅಷ್ಟೇ.

ಜರಡಿ ಅಡ್ಡ ನಿಂತಳು. "ಕೈ ಬಿಡು."

ಅವನು ಬೆಚ್ಚಿದ. ಮರುಕ್ಷಣ ಮುಖ ಸರಿ ಮಾಡಿಕೊಂಡ. "ನೀನು ಇಲ್ಲೇನು ಮಾಡ್ತಿದ್ದೀಯಾ?"

"ಪೂರ್ತಿ ವಿಡಿಯೋ ನೋಡಿದೆ."

ಅವನು ಹುಡುಗನನ್ನು ತನ್ನ ಪಕ್ಕಕ್ಕೆ ಎಳೆದುಕೊಂಡ. "ಜರಡಿ, ಇವನು ನನ್ನ ಮಗ. ಕೋರ್ಟಲ್ಲಿ ಅವಳಿಗೆ ಕೊಟ್ರು. ವಾರಕ್ಕೊಂದು ಸಲ ನೋಡೋಕಾದ್ರೂ ಸಿಗ್ತಿದ್ದ, ಅಷ್ಟರಲ್ಲಿ ಅವಳೂ ಅವಳ ತಮ್ಮನೂ ರಾತ್ರೋರಾತ್ರಿ ಊರೇ ಬಿಟ್ರು. ನನ್ನ ಮಗನ ಮುಖ ನೋಡದೆ ಹುಚ್ಚನ ಹಾಗೆ ಅಲೆದಿದ್ದೀನಿ."

"ಅವರು ಯಾಕೆ ಓಡಿಬಂದ್ರು ಅಂತ ಒಂದು ಸಲ ನಿನ್ನನ್ನ ನೀನೇ ಕೇಳ್ಕೊಂಡ್ಯಾ? ಇವನ ಕೈ ನೋಡು, ಹೇಗೆ ಹಿಡ್ಕೊಂಡಿದ್ದೀಯಾ."

ಹುಡುಗನ ಬೆರಳುಗಳು ಬಿಳುಚಿಹೋಗಿದ್ದವು. ಧಾವಂತ ಹಿಡಿತ ಸಡಿಲಿಸಲಿಲ್ಲ.

"ಮೇಷ್ಟ್ರು ಸಾಯೋ ಸ್ಥಿತೀಲಿದ್ದಾರೆ," ಎಂದಳು. "ನಿನ್ನಿಂದ."

"ನನ್ನಿಂದ?" ಅವನು ಹತ್ತಿರ ಬಗ್ಗಿದ. ಶನಿವಾರ ಬಗ್ಗಿದ್ದಷ್ಟೇ ಹತ್ತಿರ. "ನಾನು ಬರೀ ಒಂದು ತುಂಡು ತಂದುಕೊಟ್ಟೆ. ಬೇಡ, ಇನ್ನೊಂದು ಸಲ ವಿಚಾರಿಸೋಣ ಅಂತ ನೀನು ಅಂದಿದ್ರೆ ಅಲ್ಲಿಗೇ ನಿಲ್ತಿತ್ತು. ಜನ ನನ್ನ ಮಾತು ಕೇಳಿ ಹೊಡೀಲಿಲ್ಲ. ನಿನ್ನ ಮುದ್ರೆ ನೋಡಿ ಹೊಡೆದ್ರು."

ಕೆನ್ನೆಗೆ ಬಾರಿಸಿದಂತಾಯಿತು. ಸುಳ್ಳಾಗಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

ಸುತ್ತ ಜನರಿದ್ದರು. ಮಕ್ಕಳ ಕಳ್ಳ ಎಂದು ಒಂದು ಸಲ ಕೂಗಿದರೆ ಸಾಕು, ಇವನ ಕತೆ ಇಲ್ಲೇ ಮುಗಿಯುತ್ತಿತ್ತು. ಆ ಮಾತು ಅವಳ ನಾಲಗೆಯ ತುದಿಗೆ ಬಂತು. ನಿಜವೂ ಆಗಿತ್ತು. ಆಸ್ಪತ್ರೆಯ ಗಾಜಿನ ಬಾಗಿಲು ಕಣ್ಣಿಗೆ ಕಟ್ಟಿತು. ಜರಡಿ ಆ ಮಾತನ್ನು ನುಂಗಿಕೊಂಡಳು.

ಮಂಡಿಯೂರಿ ಹುಡುಗನ ಮುಖದ ಮಟ್ಟಕ್ಕೆ ಬಂದಳು. "ಅಮ್ಮನ ಹತ್ರ ಹೋಗೋಣ್ವಾ ಪುಟ್ಟ? ಆಸ್ಪತ್ರೇಲಿದ್ದಾರೆ. ಮಾಮನೂ ಅಲ್ಲೇ ಇದ್ದಾರೆ."

ಹುಡುಗ ಅವಳನ್ನು ನೋಡಿದ. ದಿನಗಟ್ಟಲೆ ಮುಚ್ಚಿದ್ದ ತುಟಿ ಅಲುಗಿತು. "ಮಾಮ ಇದ್ದಾರಾ?"

"ಇದ್ದಾರೆ."

ಹುಡುಗ ಒಂದೇ ಜಗ್ಗಿಗೆ ಕೈ ಬಿಡಿಸಿಕೊಂಡು ಅವಳ ಕೊರಳಿಗೆ ಬಿದ್ದ. ಜರಡಿ ಅವನನ್ನು ಎತ್ತಿಕೊಂಡು ಎದ್ದಳು. ಗೇಟಿನ ಕಡೆ, ಆಯಾಳ ಕಡೆ ದಾಪುಗಾಲು ಹಾಕಿದಳು.

"ಅಯ್ಯೋ, ಹಿಡೀರಿ!" ಬೆನ್ನ ಹಿಂದೆ ಧಾವಂತ ಅರಚಿದ. "ನನ್ನ ಮಗ! ನನ್ನ ಮಗನ್ನ ಎತ್ಕೊಂಡು ಹೋಗ್ತಿದ್ದಾಳೆ!"

ಬೀದಿ ಸ್ತಬ್ಧವಾಯಿತು. ಧಾವಂತ ತನ್ನ ಫೋನಿನಲ್ಲಿದ್ದ ಫೋಟೋವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ಅವನ ಹೆಗಲ ಮೇಲೆ ಕೂತು ನಗುತ್ತಿರುವ ಇದೇ ಹುಡುಗ. ಫೋಟೋ ನಿಜವಾದದ್ದೇ.

"ನಾನು ಮಧ್ಯಾಹ್ನದಿಂದ ನೋಡ್ತಿದ್ದೀನಿ ಇವಳನ್ನ," ಎಂದಳು ಬಿಳಿ ಟೋಪಿಯವಳು. "ಫೋನ್ ಹಿಡ್ಕೊಂಡು ಗೇಟಿನ ಮುಂದೆನೇ ಹಿಂದಕ್ಕೂ ಮುಂದಕ್ಕೂ ಓಡಾಡ್ತಿದ್ಲು."

"ನಾನು ಪತ್ರಿಕೆಯವಳು. ಆಯಾನ ಕೇಳಿ, ಈ ಮಗೂನ ಅಮ್ಮನಿಗೆ ಫೋನ್ ಮಾಡಿ..."

"ಮೊದಲು ಮಗುನ ಕೆಳಗಿಳಿಸು!"

ಯಾರೋ ಅವಳ ಚೀಲ ಜಗ್ಗಿದರು. ಇನ್ಯಾರೋ ತಲೆಗೂದಲಿಗೆ ಕೈ ಹಾಕಿದರು. ಹುಡುಗ ಹೆದರಿ ಇನ್ನೂ ಬಿಗಿಯಾಗಿ ತಬ್ಬಿಕೊಂಡ. ಸುತ್ತಲೂ ಒಂದೊಂದಾಗಿ ಫೋನುಗಳು ಮೇಲೆದ್ದವು. ಆಯಾ ಏನೋ ಕೂಗುತ್ತಾ ಬರುತ್ತಿದ್ದಳು, ಗಲಾಟೆಯಲ್ಲಿ ಕೇಳಿಸಲಿಲ್ಲ.

"ಅವರಲ್ಲ! ಅವರಲ್ಲ ಕಳ್ಳರು!"

ಮೇಲಿನ ಕಿಟಕಿಯಿಂದ ರಿಸೆಪ್ಷನ್ ಹುಡುಗಿ ಅರ್ಧ ಮೈ ಹೊರಹಾಕಿ ಕಿರುಚುತ್ತಿದ್ದಳು. ಕೈಯಲ್ಲಿ ಫೋನಿತ್ತು. "ಇನ್ನೂ ಕಳಿಸೋಕಾಗಿಲ್ಲ, ನನ್ನ ಹತ್ರ ಇದೆ ವಿಡಿಯೋ! ಅವತ್ತಿಂದು ಪೂರ್ತಿ ಇದೆ! ಆ ಮನುಷ್ಯನೇ..."

ಕೆಳಗಿದ್ದವರಲ್ಲಿ ಅದು ಕಿವಿಗೆ ಬಿದ್ದದ್ದು ಇಬ್ಬರಿಗೇ. ಒಬ್ಬಳು ಜರಡಿ. ಇನ್ನೊಬ್ಬ ಕತ್ತೆತ್ತಿ ಕಿಟಕಿಯನ್ನು ನೋಡಿದ.

ಉಳಿದ ಎಲ್ಲರ ಕಣ್ಣೂ ಜರಡಿಯ ಮೇಲಿತ್ತು. ಮಗನಿಗಾಗಿ ಅರಚಿದ ಅಪ್ಪನನ್ನು ಯಾರೂ ನೋಡುತ್ತಿರಲಿಲ್ಲ. ಧಾವಂತ ಅರಚುವುದನ್ನು ನಿಲ್ಲಿಸಿದ. ಫೋನನ್ನು ಜೇಬಿಗಿಳಿಸಿದ. ಗುಂಪಿನ ಅಂಚಿನಿಂದ ಮೆಲ್ಲನೆ ಕಳಚಿಕೊಂಡು, ಹುಟ್ಟಿನಿಂದ ಯಾವ ಆತುರವೂ ಇಲ್ಲದವನಂತೆ ಬೀದಿ ದಾಟಿ, ಕ್ಲಿನಿಕ್ಕಿನ ಮೆಟ್ಟಿಲು ಹತ್ತತೊಡಗಿದ.

"ಬಾಗಿಲು ಹಾಕ್ಕೊಳ್ಳಿ!" ಜರಡಿ ಕೂಗಿದಳು. ಯಾರದೋ ಅಂಗೈ ಅವಳ ಬಾಯಿಯ ಮೇಲೆ ಬಿತ್ತು.

ಕಿಟಕಿಯಲ್ಲಿ ಹುಡುಗಿ ತಟ್ಟನೆ ಹಿಂದಕ್ಕೆ ತಿರುಗಿದಳು, ಒಳಗೆ ಯಾರೋ ಬಂದಂತೆ.